ಟವೆಲಿನ ಮೂರು ಗಂಟು

ನನ್ನನ್ನು ತಲೆಕೆಟ್ಟವನು ಎನ್ನುವವರು ಎದುರಿಗೇ ಅನ್ನಲಿ. ಬೆನ್ನ ಹಿಂದೆ ಅಂದರೆ ಏನಾಗುತ್ತದೆಂದು ಅಂಕೋಲೆಯ ಕಡೆ ಇಬ್ಬರಿಗಾದರೂ ಗೊತ್ತಿದೆ.

ಕಾರವಾರದಿಂದ ಬರುವಾಗ ಬೈಕ್ ಜಾರಿ ಹಣೆ ಒಡೆದುಕೊಂಡೆ. ಹೆಲ್ಮೆಟ್ ಕನ್ನಡಿಗೆ ನೇತುಬಿದ್ದಿತ್ತು, ಅದಕ್ಕೊಂದು ಗೀರೂ ಬೀಳಲಿಲ್ಲ. ಹಣೆಯ ಹಿಂದಿನ ಮಿದುಳೇ ಮನಸ್ಸಿನ ಬ್ರೇಕು, ಪೆಟ್ಟು ಅಲ್ಲಿಗೇ ಬಿದ್ದಿದೆ ಎಂದರು ಡಾಕ್ಟರು. ಗಾಯ ಮಾಯಿತು, ಬ್ರೇಕು ಹಿಡಿಯಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆ ಎಸೆದೆ. ಸಾವಿನ ಮನೆಯಲ್ಲಿ ನಕ್ಕೆ. ಹೆಂಡತಿಗೆ ಬೈದು, ಬೈಗುಳ ಮುಗಿಯುವ ಮೊದಲೇ ಅತ್ತುಬಿಟ್ಟೆ. ನಾಚಿಕೆಯಾಗುತ್ತಿತ್ತು, ಈಗಲೂ ಆಗುತ್ತದೆ.

ಅದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ಒಂದೇ, ಕಡಲದಂಡೆಯ ದಿಬ್ಬದ ಮೇಲಿನ ನನ್ನ ಜಾಗ ಕೈತಪ್ಪಿದ್ದು. ನಮ್ಮದು ದಡದಲ್ಲಿ ನಿಂತು ಎಳೆಯುವ ಏಂಡಿ ಬಲೆ. ದಿಬ್ಬದ ಮೇಲಿಂದ ನೀರಿನ ಬಣ್ಣ ನೋಡಿ ಬಂಗಡೆ ಮೀನಿನ ಹಿಂಡನ್ನು ಗುರುತಿಸಬೇಕು. ಅದು ಪೂರ್ತಿ ದಡದ ಕಡೆ ತಿರುಗುವ ತನಕ ಕಾದು, ಆಮೇಲೆ ಟವೆಲ್ ಬೀಸಬೇಕು. ಬೀಸಿದ ಮೇಲೆಯೇ ದೋಣಿ ಬಲೆ ಬಿಡುತ್ತಾ ಸುತ್ತುಹಾಕುತ್ತದೆ. ಮೀನು ಕಾಣುವವರು ಊರಲ್ಲಿ ಹತ್ತು ಜನ ಇದ್ದಾರೆ. ಕಾಯುವವನು ನಾನು.

ಮಳೆಗಾಲ ಕಳೆದು ಬಲೆಯಿಳಿಸಿದ ಮೊದಲ ದಿನ, ಹಿಂಡು ಕಂಡದ್ದೇ ತಡ, ನನ್ನ ಕೈ ಎದ್ದುಬಿಟ್ಟಿತು. ದೋಣಿ ಹೊರಟಿತು, ಮೀನು ಹೆದರಿ ಆಳಕ್ಕೆ ಹೋಯಿತು. ನಲವತ್ತು ಜನ ಖಾಲಿ ಬಲೆ ಎಳೆದರು. ಎರಡನೆಯ ದಿನವೂ ಅದೇ ಪಾಡು. ದೋಣಿ ನಡೆಸುವ ನನ್ನ ಸೋದರಮಾವ ಹತ್ತಿರ ಬಂದ.

"ನೀ ನಾಳಿಂದ ಹಗ್ಗ ಸುತ್ತುಕೆ ಕುತ್ಕ. ಟವೆಲ್ ಬೇರೆಯವ್ರಿಗೆ ಕೊಡ್ವ."

ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದ. ಆ ಮೆಲುದನಿಗೇ ನನ್ನ ಮೈ ಉರಿಯಿತು. ಬಾಯಿಗೆ ಬಂದದ್ದೆಲ್ಲ ಅಂದೆ.

ಮನೆಯಲ್ಲೂ ಕೂಗಾಡಿದೆ. ಹರಿದ ಬಲೆ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತದೆ ಹೇಳಿದಳು, "ಕೈ ಎದ್ರೆ ಏಳ್ಲಿ. ಆ ಕೈಯಲ್ಲಿ ಟವೆಲ್ ಇರ್ಬಾರ್ದು, ಅಷ್ಟೇಯ."

ಮರುದಿನ ಬೆಳಿಗ್ಗೆ ಟವೆಲನ್ನು ಸೊಂಟಕ್ಕೆ ಸುತ್ತಿ, ಬಲೆಗೆ ಹಾಕುವಂಥ ಬಿಗಿ ಗಂಟು ಮೂರು ಹಾಕಿದೆ. ಎಲ್ಲರಿಗಿಂತ ಮೊದಲು ದಿಬ್ಬ ಹತ್ತಿದೆ. ಮಾವ ಇಳಿ ಎಂದ.

"ಇಳಿಯುದಿಲ್ಲ. ಇವತ್ತೂ ತಪ್ಪಿದ್ರೆ ನಾನೇ ಟವೆಲ್ ತಂದು ನಿನ್ ಕೈಗೆ ಕೊಡ್ತೆ."

ಮಾವ ದೋಣಿಗೆ ಹೋದ. ಹಿಂಡು ಕಂಡಿತು. ಕೈ ಎದ್ದಿತು, ಖಾಲಿ ಕೈ. ದೋಣಿ ಅಲುಗಲಿಲ್ಲ. ಮೊದಲ ಗಂಟು ಬಿಚ್ಚುವಾಗ ಇಡೀ ಊರಿಗೆ ಬೈದೆ. ಎರಡನೆಯದಕ್ಕೆ ಉಗುರು ಮುರಿಯಿತು, ಅಳು ಬಂತು, ಅಳುತ್ತಲೇ ಬಿಚ್ಚಿದೆ. ಮೂರನೆಯದು ಸಡಿಲವಾಗುವಷ್ಟರಲ್ಲಿ ನೀರಿನಲ್ಲಿ ಕಪ್ಪಾಗಿ ಕಾಣುತ್ತಿದ್ದ ಹಿಂಡು ದಡಕ್ಕೆ ಮುಖ ಮಾಡಿತ್ತು. ಬೀಸಿದೆ.

ಬಲೆ ಭಾರವಾಗಿ ಬಂತು. ಮಾವ ಬೆನ್ನು ತಟ್ಟಿದ.

"ಈಗ ಸಮ ಆಯ್ತು ನೋಡು ನಿನ್ ತಲೆ."

"ಆಗ್ಲಿಲ್ಲ. ಆಗುದೂ ಇಲ್ಲ," ಎಂದೆ. "ನಾಳಿಗೆ ನಾಲ್ಕು ಗಂಟು ಹಾಕ್ತೆ. ದಿಬ್ಬ ಮಾತ್ರ ಬಿಡುದಿಲ್ಲ."