ಉತರ್ ಎಂದರೆ ಉತ್ತರವಲ್ಲ

೧೩ ಜನವರಿ ೧೯೫೭, ಭಾನುವಾರ, ಬೆಳಗಿನ ಏಳು ಗಂಟೆ. ಶಹಾಪುರದ ಗುಡ್ಡದ ಬುಡದಲ್ಲಿ ಕೂತು ಪತ್ರಿಕೆಗೆಂದು ಇದನ್ನು ಬರೆಯಲು ತೊಡಗಿದ್ದೇನೆ. ಹಾಸುಬಂಡೆಯ ಮೇಲಿನ ಇಬ್ಬನಿ ಆರಬೇಕು, ಅಲ್ಲಿಯವರೆಗೆ ಕಾಲಿಡುವಂತಿಲ್ಲ.

ನಿನ್ನೆ ಸುರಪುರದಿಂದ ಬರುವಾಗ ಕಂಡಕ್ಟರ್ ಬಾಗಿಲು ಬಡಿದು ಕೂಗಿದ: "ಶಹಾಪುರ್‌ವಾಲೇ, ಉತರೋ, ಉತರೋ!" ನಾವು ಮೈಸೂರು ರಾಜ್ಯಕ್ಕೆ ಸೇರಿ ಎರಡು ತಿಂಗಳಾಯಿತು, ಕಂಡಕ್ಟರನ ಬಾಯಿ ಇನ್ನೂ ಹೈದರಾಬಾದಿನಲ್ಲೇ ಇದೆ. 'ಉತರ್' ಎಂದರೆ ಇಳಿ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಪಕ್ಕದ ಮನೆಯ ಖಾಸಿಂ ಚಾಚಾ ಕೂಡ, ಉರ್ದು ಮಾತಿನ ನಡುವೆ ಟಾಂಗಾ ನಿಲ್ಲಿಸಿ 'ಇಳೀರಿ' ಎನ್ನುತ್ತಾರೆ. ಕೂತವರು ನಗುತ್ತಾರೆ: "ಏನ್ರೀ ಚಾಚಾ, ರಾಜ್ಯ ಬದಲಾದ ಕೂಡ್ಲೆ ಕನ್ನಡ ಪಂಡಿತ ಆದ್ರೇನು?" ಚಾಚಾ ನಗುವುದಿಲ್ಲ.

ಗದ್ದಲದ ವರ್ಷ, ೧೯೪೮ರಲ್ಲಿ, ನನ್ನ ಅಣ್ಣ ಶರಣಪ್ಪನಿಗೆ ಇಪ್ಪತ್ತು. ಬಾವುಟ ಏರಿಸಿದನೆಂದು ರಜಾಕಾರರು ಹುಡುಕುತ್ತಿದ್ದರು. ಅವನು ಈ ಗುಡ್ಡದ ನೆತ್ತಿಯಲ್ಲಿ ಅಡಗಿದ್ದ. ರೊಟ್ಟಿ ಒಯ್ಯುತ್ತಿದ್ದವರು ಚಾಚಾ. ಹಿಂದೂಸ್ತಾನದ ಪೌಜು ಬಂತು, ರಜಾಕಾರರು ಓಡಿದರು ಎಂಬ ಸುದ್ದಿ ತಿಳಿದೊಡನೆ ಓಡಿಬಂದು ಬುಡದಿಂದಲೇ ಕೂಗಿದರು. ನಮ್ಮೊಂದಿಗೆ ಅವರದು ಸದಾ ಕನ್ನಡ, ಖುಷಿ ಉಕ್ಕಿದಾಗ ಮಾತ್ರ ತಮ್ಮ ಮಾತು. ಅಂದು ಉಕ್ಕಿತು.

"ಶರಣ್ಯಾ, ಉತರ್! ಉತರ್ ಬೇಟಾ!"

ಮೇಲಿನಿಂದ ಅಣ್ಣ ಕೇಳಿದ: "ಉತ್ತರಕ್ಕಾ, ಚಾಚಾ?"

ಗಾಳಿಯಲ್ಲಿ ಅರ್ಧ ಮಾತು ಹಾರಿಹೋಯಿತು. "ಹೌ, ಉತರ್!" ಎಂದರು ಚಾಚಾ.

ಅಣ್ಣ ಕೈ ಬೀಸಿ, ಬೆನ್ನು ತಿರುಗಿಸಿ, ಗುಡ್ಡದ ಉತ್ತರದ ಮಗ್ಗುಲಿಗೆ ಮರೆಯಾದ. ಆ ಕಡೆ ಬಂಡೆ ನೆಟ್ಟಗೆ ಕೆರೆಗೆ ಬೀಳುತ್ತದೆಂದು ಊರೆಲ್ಲ ನಂಬಿತ್ತು. ಕೆರೆ ತುಂಬಿತ್ತು. ಈಜುಗಾರರು ಮುಳುಗಿ ಮುಳುಗಿ ಬರಿಗೈಲಿ ಎದ್ದರು. ಅವ್ವ ಅಂದಿನಿಂದ ಆ ಕೆರೆಯ ನೀರು ತರುವುದಿಲ್ಲ. ಕೊಡ ಹೊತ್ತು ದೂರದ ಬಾವಿಗೆ ಹೋಗುತ್ತಾಳೆ.

ಕಳೆದ ಆರು ಭಾನುವಾರ ನಾನು ದಕ್ಷಿಣದ ಹಾಸುಬಂಡೆಯ ಮೇಲೆ ಹತ್ತಿ ಇಳಿಯುವುದನ್ನು ಕಲಿತೆ. ಮೊದಲ ದಿನ ಹಲ್ಲಿಯಂತೆ ಬಂಡೆಯನ್ನು ಅಪ್ಪಿಕೊಂಡೆ; ಕಾಲು ಜಾರಿತು, ಧೋತರದ ಹಿಂಭಾಗ ಅಲ್ಲೇ ಉಳಿಯಿತು. ದಿನಚರಿಯಲ್ಲಿ ಅದನ್ನೂ ದಾಖಲಿಸಿದ್ದೇನೆ. ಅಪ್ಪಿಕೊಳ್ಳಬಾರದು, ನೆಟ್ಟಗೆ ನಿಂತು ಭಾರವನ್ನೆಲ್ಲ ಅಂಗಾಲಿಗೆ ಬಿಡಬೇಕು. ನೀರು ಹರಿದ ಕರಿ ಪಟ್ಟೆ ಜಾರುತ್ತದೆ, ಒರಟು ಬಿಳಿ ಕಲ್ಲು ಹಿಡಿಯುತ್ತದೆ. ಇಳಿಯುವಾಗ ಮಂಡಿ ಸಡಿಲಬಿಟ್ಟು ಓರೆಯಾಗಿ ಇಳಿಯಬೇಕು.

ಇವತ್ತು ಉತ್ತರಕ್ಕೆ ಹೋಗಬೇಕು. ಕುದುರೆಗೆ ಹುಲ್ಲು ಹಾಕುತ್ತಾ, ಗುಡ್ಡಕ್ಕೆ ಬೆನ್ನುಮಾಡಿ ನಿಂತ, ನನ್ನನ್ನು ಟಾಂಗಾದಲ್ಲಿ ಇಲ್ಲಿಗೆ ಕರೆತಂದ ಚಾಚಾ ಹೇಳಿದರು: "ಬ್ಯಾಡಪ್ಪಾ. ನಿಮ್ಮವ್ವಗ ಇನ್ನೊಮ್ಮಿ ಏನಂತ ಹೇಳ್ಲಿ?"

"ದಾರಿ ಐತೋ ಇಲ್ಲೋ ನೋಡ್ಕೊಂಡು ಬರ್ತೀನ್ರಿ, ಚಾಚಾ."

ಬಂಡೆ ಆರಿದೆ. ಹೊರಡುತ್ತೇನೆ.

ಉಳಿದದ್ದನ್ನು ಮನೆಯಲ್ಲಿ ಬರೆಯುತ್ತಿದ್ದೇನೆ. ನೆತ್ತಿಯಿಂದ ಉತ್ತರಕ್ಕೆ ನೋಡಿದರೆ ಬಂಡೆಯ ಅಂಚು, ಅದರಾಚೆ ಬರೀ ನೀರು. ಚಪ್ಪಲಿ ಬಿಚ್ಚಿ ಸೊಂಟಕ್ಕೆ ಕಟ್ಟಿದೆ. ಅಂಚು ಎಂದುಕೊಂಡದ್ದು ಅಂಚಲ್ಲ, ಬಂಡೆಯ ಉಬ್ಬು. ಅದನ್ನು ದಾಟಿದರೆ ಕಲ್ಲು ಆನೆಯ ಬೆನ್ನಿನಂತೆ ಮೆಲ್ಲಗೆ ಇಳಿಯುತ್ತದೆ. ಕೆಳಗೆ ಜಗಲಿಯಂಥ ಸಮತಟ್ಟು, ಅದರ ತುಂಬ ಆಡಿನ ಹಿಕ್ಕೆ. ಮಳೆಗಾಲದಲ್ಲಿ ತುಂಬಿದ ಕೆರೆಯ ನೀರು ಬಂಡೆಗೆ ಎಳೆದ ಬಿಳಿ ಗೆರೆ ಅಲ್ಲಿಂದ ಆಳೆತ್ತರ ಕೆಳಗಿತ್ತು. ಜಗಲಿಯ ಮೇಲೆಯೇ ನಡೆದು ಕೆರೆಯ ಏರಿ ಮುಟ್ಟಿದೆ. ಏರಿಯಿಂದ ಬಂಡಿಜಾಡು ಉತ್ತರಕ್ಕೆ ಹೋಗುತ್ತದೆ.

ಸುತ್ತಿ ಬಂದು, ದಾರಿ ಐತಿ ಎಂದು ಚಾಚಾರ ಮುಂದೆ ಕಾಲು ಚಾಚಿದೆ. ಅವರು ಬಗ್ಗಿ ಅಂಗಾಲು ಮುಟ್ಟಿದರು. "ಒಣಾ ಅದಾವ," ಎಂದರು. ಮತ್ತೊಮ್ಮೆ ಮುಟ್ಟಿದರು. ಮನೆಯ ಮುಂದೆ ಟಾಂಗಾ ನಿಂತಾಗ, ತಿರುಗದೆಯೇ, ಮೆಲ್ಲಗೆ: "ಉತರ್, ಬೇಟಾ."

ಅವ್ವ ಎಲ್ಲವನ್ನೂ ಕೇಳಿ, ಕೊಡ ಎತ್ತಿಕೊಂಡು ಕೆರೆಯ ಕಡೆ ಹೋದಳು.

ಅಣ್ಣ ಬದುಕಿದ್ದರೆ ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ನೀವು ಕೇಳಬಹುದು. ನನಗೆ ಗೊತ್ತಿಲ್ಲ. ಪೌಜು ಬಂದ ದಿನಗಳಲ್ಲಿ ಶಹಾಪುರದಿಂದ ಉತ್ತರಕ್ಕೆ ನಡೆದುಹೋದ, ಎಡ ಹುಬ್ಬಿನಲ್ಲಿ ಗಾಯದ ಕಲೆಯಿದ್ದ ತರುಣನನ್ನು ಕಂಡವರಿದ್ದರೆ ದಯವಿಟ್ಟು ಬರೆಯಿರಿ. ಅವನೇ ಎದುರಿಗಿದ್ದರೆ ಇಷ್ಟು ಹೇಳಿ: ಚಾಚಾ ಅಂದದ್ದು, ಇಳಿದು ಬಾ ಅಂತ.