ಅಕ್ಕ ಬಸ್ ಹತ್ತಿದ ಮೇಲೆ

ಹಾಸನದಲ್ಲಿ ನಾವಿದ್ದ ಬಾಡಿಗೆ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸುತ್ತೇನೆ, ಬೇರೆ ಕಡೆ ನೋಡಿಕೊಳ್ಳಿ ಎಂದು ಮಾಲೀಕರು ಹೇಳಿದ ವಾರ ಅಕ್ಕ ಮನೆ ಹುಡುಕಲು ಹೊರಟಳು, ನಾನು ಗಾಡಿ ಹುಡುಕಲು ಹೊರಟೆ. ಅಕ್ಕನಿಗೆ ಮನೆ ಸಿಗುವ ಮೊದಲೇ ನನಗೆ ಗಾಡಿ ಸಿಕ್ಕಿತು. ಮದುವೆ ದಿಬ್ಬಣಗಳನ್ನು ಹೊತ್ತು ಹೊತ್ತು ಸವೆದ, ಆದರೆ ಎಂಜಿನ್ ಚೆನ್ನಾಗಿದ್ದ ಒಂದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್.

ನಾನು ಮದುವೆಯಾಗದೆ ಉಳಿದವಳು. ಅಕ್ಕ ನನಗಿಂತ ಬಹಳ ದೊಡ್ಡವಳು. ಬಾವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಳು. ಅವಳು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದೆ. ಕಲಿಸುವವರ ಪಾಡು ವಿಚಿತ್ರ. ದಿನವಿಡೀ ಗಾಡಿಯಲ್ಲೇ ಕೂತಿರುತ್ತೇವೆ, ಎಲ್ಲಿಗೂ ಹೋಗುವುದಿಲ್ಲ. ಬೆಳಿಗ್ಗೆ ಮೈದಾನದಲ್ಲಿ ಎಂಟರ ಆಕಾರದಲ್ಲಿ ಸುತ್ತು ಹಾಕಿಸುವುದು, ಬಿಸಿಲೇರಿದ ಮೇಲೆ ರಿಂಗ್ ರೋಡಿನಲ್ಲಿ ಸೆಕೆಂಡ್ ಗೇರಿನಲ್ಲಿ ತೆವಳುವುದು, ಮತ್ತೆ ಅದೇ ಮೈದಾನ. ಹೆದ್ದಾರಿಯ ಬೋರ್ಡುಗಳಲ್ಲಿ ಮಂಗಳೂರು ಎಂದು ಬರೆದದ್ದನ್ನು ವರ್ಷಗಟ್ಟಲೆ ಓದಿ, ಅದರ ಕೆಳಗೇ ಯೂ ಟರ್ನ್ ಮಾಡಿಸಿಕೊಂಡು ಬಂದಿದ್ದೇನೆ.

ಬಾಡಿ ಕಟ್ಟುವ ಶೆಡ್ಡಿನವರು ಸೀಟುಗಳನ್ನೆಲ್ಲ ಕಿತ್ತು ಎರಡು ಮಂಚ, ಒಂದು ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಹಿಂದೆ ಸಣ್ಣದೊಂದು ಬಚ್ಚಲು ಮಾಡಿಕೊಟ್ಟರು. ಅಕ್ಕ ಒಳಗೆ ಹತ್ತಿ ಸುತ್ತ ನೋಡಿದಳು.

“ಇದ್ರಲ್ಲೇ ಇರದಾ?”

“ಇದ್ರಲ್ಲೇ ಕಣಕ್ಕಾ.”

“ಮಳೆ ಬಂದ್ರೆ?”

“ಸೋರಲ್ಲ. ನೀರು ಉಯ್ದು ನೋಡವ್ರೆ.”

ಅವಳು ಅಡುಗೆ ಕಟ್ಟೆಯ ಎತ್ತರಕ್ಕೆ ಕೈ ಇಟ್ಟು ಅಳತೆ ನೋಡಿಕೊಂಡಳು. ಅವಳ ಸೊಂಟಕ್ಕೆ ಸರಿಯಾಗಿತ್ತು. “ಸರಿ, ನೋಡಾನ ನಡಿ” ಎಂದಳು. ಮನೆಯ ಸಾಮಾನಿನಲ್ಲಿ ಅರ್ಧ ನೆಂಟರಿಗೆ ಹೋಯಿತು, ಉಳಿದದ್ದು ಗಾಡಿಗೆ ಬಂತು.

ಮೊದಲ ದಿನಗಳಲ್ಲಿ ನಾನು ಗಾಡಿಯನ್ನು ನಿಲ್ಲಿಸಲೇ ಇಲ್ಲ ಎನ್ನಬೇಕು. ಬೆಳಿಗ್ಗೆ ದೊಡ್ಡಗದ್ದವಳ್ಳಿಯ ದೇವಸ್ಥಾನದ ಮುಂದೆ ಕಾಫಿ, ಮಧ್ಯಾಹ್ನ ಕೊರವಂಗಲದಲ್ಲಿ ಊಟ, ಸಂಜೆಗೆ ಚನ್ನರಾಯಪಟ್ಟಣ. ಮಾರನೆಯ ದಿನ ಇನ್ನೊಂದು ದಿಕ್ಕು. ದೇವಸ್ಥಾನವನ್ನು ಒಂದು ಸುತ್ತು ಹಾಕುವಷ್ಟರಲ್ಲಿ ನನ್ನ ಕೈ ಕೀಲಿಗೆ ಹೋಗುತ್ತಿತ್ತು. ನಾಲ್ಕನೆಯ ಗೇರಿಗೆ ಹಾಕಿದಾಗ ಎಂಜಿನ್ ಸದ್ದು ಇಳಿದು ಗಾಡಿ ತಾನಾಗಿ ಹರಿಯತೊಡಗುತ್ತದಲ್ಲ, ಆ ಸುಖ ನನಗೆ ಸಾಕೆನಿಸುತ್ತಿರಲಿಲ್ಲ.

ಅಕ್ಕ ಹಿಂದೆ ಮಂಚದ ಮೇಲೆ ಕೂತಿರುತ್ತಿದ್ದಳು. ಮುಂದಿನ ಸೀಟು ಎತ್ತರ, ಅವಳ ಮಂಡಿಗೆ ಹತ್ತಲಾಗುತ್ತಿರಲಿಲ್ಲ. ದೂರು ಹೇಳುವವಳಲ್ಲ. ಆದರೆ ರಾತ್ರಿ ಹಾಕಿದ ಹೆಪ್ಪು ಬೆಳಿಗ್ಗೆಯ ಕುಲುಕಾಟಕ್ಕೆ ಒಡೆದು ನೀರಾಗುತ್ತಿತ್ತು. ಒಗೆದ ಸೀರೆ ಒಣಗುವ ಮೊದಲೇ ಮಡಿಸಿಡಬೇಕಾಗಿ, ಗಾಡಿಯೊಳಗೆಲ್ಲ ಮುಗ್ಗಲು ವಾಸನೆ. ಒಂದು ಬೆಳಿಗ್ಗೆ ಎದ್ದವಳು ಕಿಟಕಿಯ ಪರದೆ ಸರಿಸಿ, ಬಹಳ ಹೊತ್ತು ಹೊರಗೆ ನೋಡಿ, “ಇದು ಯಾವೂರೇ?” ಎಂದಳು. ನಾನು ಊರಿನ ಹೆಸರು ಹೇಳಿದೆ. “ನಿನ್ನೆ ಬಂದಿದ್ದು ಇಲ್ಲಿಗೇನಾ?” ಎಂದು ಮತ್ತೆ ಕೇಳಿದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಚನ್ನರಾಯಪಟ್ಟಣಕ್ಕೆ ಎರಡನೆಯ ಸಲ ಹೋದಾಗ ಅದು ನಡೆದದ್ದು. ಬಸ್ ಸ್ಟ್ಯಾಂಡ್ ಹತ್ತಿರ ಗಾಡಿ ನಿಲ್ಲಿಸಿ ಸೊಪ್ಪು ತರಲು ಹೋಗಿದ್ದೆ. ವಾಪಸು ಬಂದಾಗ ಅಕ್ಕ ತನ್ನ ಬಟ್ಟೆಯ ಬ್ಯಾಗು ಹಿಡಿದು ಗಾಡಿಯ ಪಕ್ಕ ನಿಂತಿದ್ದಳು.

“ನಾನು ಒಳೆನರಸೀಪುರಕ್ಕೆ ಬಸ್ಸಲ್ಲಿ ಓಯ್ತೀನಿ. ನೀನು ನಿನ್ನಿಷ್ಟದಂಗೆ ಬಾ.”

“ಯಾಕಕ್ಕಾ? ನಾವೂ ಅಲ್ಲಿಗೇ ತಾನೆ ಓಗ್ತಿರದು!”

“ಸಿಟ್ಟಿಲ್ಲ ಕಣೇ. ಬಸ್ಸು ಅಲ್ಲಲ್ಲಿ ನಿಲ್ತದೆ. ನಿಂದು ನಿಲ್ಲಲ್ಲ.”

ಅಷ್ಟು ಹೇಳಿ, ರಸ್ತೆ ದಾಟಿ ಸ್ಟ್ಯಾಂಡಿನೊಳಗೆ ಹೋದಳು. ನಾನು ಹಿಂದೆ ಓಡಿ ಕೈ ಹಿಡಿಯಬಹುದಿತ್ತು. ನಾಲ್ಕು ಜನರ ಮುಂದೆ ಅಕ್ಕನನ್ನು ಎಳೆದಾಡುವುದು ಸರಿಯೆನಿಸಲಿಲ್ಲ. ಅವಳು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತದ್ದನ್ನು ನೋಡಿದೆ. ಬಸ್ಸು ಹೊರಟಿತು. ನಾನು ಗಾಡಿ ಸ್ಟಾರ್ಟ್ ಮಾಡಿ ಅದರ ಹಿಂದೆಯೇ ಹೊರಟೆ. ಮುಂದೆ ಹೋಗಲು ಮನಸ್ಸು ಬರಲಿಲ್ಲ. ಮಂಡಿ ನೋವಿನವಳು, ದಾರಿಯಲ್ಲಿ ಏನಾದರೂ ಆದರೆ?

ಆ ಬಸ್ಸು ಎಲ್ಲೆಲ್ಲಿ ನಿಲ್ಲಲಿಲ್ಲ! ಆಲದ ಮರವಿದ್ದ ಕಡೆ ನಿಂತಿತು, ಮರವಿಲ್ಲದ ಕಡೆಯೂ ನಿಂತಿತು. ಹಿಂಡಿ ಮೂಟೆ ಇಳಿಸಲು ನಿಂತಿತು. ಮಗುವನ್ನು ಎತ್ತಿಕೊಂಡು ಹೊಲದ ಬದುವಿನ ಮೇಲೆ ಓಡಿಬರುತ್ತಿದ್ದ ಹೆಂಗಸೊಬ್ಬಳಿಗಾಗಿ, ಅವಳು ರಸ್ತೆ ಮುಟ್ಟುವವರೆಗೂ ಕಾದಿತು. ಪ್ರತಿಸಲವೂ ನಾನು ಹಿಂದೆ ನಿಂತು, ಬಸ್ಸು ಹೊರಟಾಗ ಹೊರಟೆ. ಸೆಕೆಂಡ್ ಗೇರು, ಥರ್ಡ್, ಮತ್ತೆ ನ್ಯೂಟ್ರಲ್. ಒಂದು ಊರಿನ ಸ್ಟಾಪಿನಲ್ಲಿ ಕಂಡಕ್ಟರ್ ಇಳಿದು ನನ್ನ ಕಿಟಕಿಯ ಬಳಿ ಬಂದರು.

“ಯಾಕ್ ಮೇಡಂ, ಆಗ್ಲಿಂದ ನಮ್ ಇಂದ್ಗಡೇನೇ ಬತ್ತಾ ಇದ್ದೀರಲ್ಲ? ರೋಡ್ ಖಾಲಿ ಐತೆ, ಸೈಡ್ ಒಡ್ಕಂಡು ಓಗಿ.”

“ಬಸ್ಸಲ್ಲಿ ನಮ್ಮಕ್ಕ ಇದ್ದಾಳೆ.”

ಅವರು ನನ್ನ ಗಾಡಿಯನ್ನು, ಅದರ ಕಿಟಕಿಯ ಪರದೆಗಳನ್ನು, ಒಳಗೆ ಕಾಣುತ್ತಿದ್ದ ಮಂಚವನ್ನು ನೋಡಿದರು. “ಇಷ್ಟ್ ದೊಡ್ಡ ಗಾಡಿ ಮಡಿಕಂಡು ಅಕ್ಕನ್ನ ಬಸ್ಸಲ್ಲಿ ಕಳಿಸ್ತಿದ್ದೀರಾ?” ಎಂದರು. ನನ್ನ ಉತ್ತರಕ್ಕೆ ಕಾಯದೆ ಸೀಟಿ ಊದಿ ಹತ್ತಿಕೊಂಡರು. ಹೋಗಿ ಬಸ್ಸಿನೊಳಗೆ ಹೇಳಿರಬೇಕು. ಹಿಂದಿನ ಗಾಜಿನಲ್ಲಿ ಮುಖಗಳು ಕಾಣಿಸಿಕೊಂಡವು. ಒಂದಿಬ್ಬರು ಹೆಂಗಸರು ಕೈ ಬೀಸಿದರು. ಅಕ್ಕ ಮಾತ್ರ ತಿರುಗಲಿಲ್ಲ.

ಹೊಳೆನರಸೀಪುರದಲ್ಲಿ ಅವಳು ಕಂಬಿ ಹಿಡಿದು ಮೆಲ್ಲಗೆ ಇಳಿದಳು. ನಾನು ಬ್ಯಾಗು ತೆಗೆದುಕೊಂಡೆ.

“ಇಂದ್ಗಡೇನೇ ಬಂದೆಯಂತೆ.”

“ಊಂ.”

“ಎಂಗಿತ್ತು ದಾರಿ?”

“ಚೆನ್ನಾಗಿತ್ತು” ಎಂದೆ. ಅದು ನಿಜವೇ ಆಗಿತ್ತು. ಹಿಂದಿನ ವಾರ ಇದೇ ರಸ್ತೆಯಲ್ಲಿ ನಾನು ಬಂದಿದ್ದೆ. ಆ ಆಲದ ಮರ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಆ ಊರಿನಲ್ಲಿ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಲ್ಯಾಣ ಮಂಟಪವಿತ್ತು. ಮದುವೆಗಳಿಲ್ಲದ ಕಾಲ. ನೋಡಿಕೊಳ್ಳುತ್ತಿದ್ದ ಯಜಮಾನರು ನಮ್ಮಿಬ್ಬರನ್ನೂ ಗಾಡಿಯನ್ನೂ ನೋಡಿ, ಹಿಂದಿನ ಅಂಗಳದಲ್ಲಿ ನಿಲ್ಲಿಸಿಕೊಳ್ಳಿ ಎಂದರು. ನಾನು ಕೀಲಿಯನ್ನು ಅಕ್ಕನ ಕೈಗೆ ಕೊಟ್ಟೆ. “ನೀನು ಓಗಾನ ಅನ್ನೋವರ್ಗೂ ಇಲ್ಲೇ” ಎಂದೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಅಲ್ಲಿ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತು. ಸೀರೆಗಳು ಗರಿಗರಿಯಾಗಿ ಒಣಗಿದವು. ಅಕ್ಕನಿಗೆ ಹಾಲಿನವಳ ಪರಿಚಯವಾಯಿತು, ಹೂವಿನವಳ ಪರಿಚಯವಾಯಿತು, ಬೆಳಿಗ್ಗೆ ನರಸಿಂಹಸ್ವಾಮಿ ದೇವಸ್ಥಾನಕ್ಕೆ ಹೋಗುವ ಹೆಂಗಸರ ಗುಂಪಿನ ಪರಿಚಯವಾಯಿತು. ಅಕ್ಕಿ ಹಪ್ಪಳ ಒತ್ತಿ ಮಂಟಪದ ತಾರಸಿಯ ಮೇಲೆ ಒಣಹಾಕಿದಳು. ನಾನು ಹೊಳೆಯವರೆಗೆ ನಡೆದು ಬರುತ್ತಿದ್ದೆ, ಗಾಡಿ ಒರೆಸುತ್ತಿದ್ದೆ, ಟೈರಿಗೆ ಗಾಳಿ ಸರಿಯಾಗಿದೆಯೇ ಎಂದು ದಿನಾ ನೋಡುತ್ತಿದ್ದೆ. ತಿಂಗಳು ಕಳೆಯಿತು. ಹೊರಡುವ ಮಾತನ್ನು ಅಕ್ಕನೇ ಎತ್ತಲಿ ಎಂದು ಕಾಯುತ್ತಿದ್ದೆ.

ಆದರೆ ಗಾಡಿ ಒಂದೇ ಕಡೆ ನಿಂತರೆ ಅದು ಗಾಡಿಯಾಗಿ ಉಳಿಯುವುದಿಲ್ಲ. ಕಿಟಕಿಯಲ್ಲಿ ಮಂಟಪದ ಹಿಂಗೋಡೆ, ಅದರ ಮೇಲೊಂದು ಒಡೆದ ಪೈಪು. ಮಧ್ಯಾಹ್ನ ತಗಡು ಕಾದು ಒಳಗೆ ಕೂರಲಾಗದು. ನಡೆಯಲು ಎರಡು ಹೆಜ್ಜೆ, ಅಷ್ಟರಲ್ಲಿ ಒಬ್ಬರಿಗೊಬ್ಬರು ಅಡ್ಡ. ಮನೆಯಲ್ಲಿದ್ದಾಗ ಎಂದೂ ಜಗಳವಾಡದವರು, ಇಕ್ಕಳ ಎಲ್ಲಿಟ್ಟೆ ಎಂಬುದಕ್ಕೆಲ್ಲ ಮುಖ ತಿರುಗಿಸಿಕೊಳ್ಳತೊಡಗಿದೆವು. ದೇವಸ್ಥಾನದ ಗುಂಪಿನ ಹೆಂಗಸೊಬ್ಬರು, ಇಬ್ಬರೂ ಹೀಗೆ ಬೀದಿಯಲ್ಲಿರುವ ಬದಲು ಒಂದು ರೂಮು ಮಾಡಬಾರದೇ ಎಂದು ದಿನಾ ಹೇಳತೊಡಗಿದರು. ಅವರ ನೆಂಟರದೇ ರೂಮು ಖಾಲಿ ಇತ್ತಂತೆ.

ಒಂದು ಬೆಳಿಗ್ಗೆ ಅಕ್ಕ ಹಪ್ಪಳದ ಡಬ್ಬಿಗಳನ್ನು ಬಟ್ಟೆಯಲ್ಲಿ ಸುತ್ತಿ ಭದ್ರ ಮಾಡಿ, ಸೆರಗಿನ ಗಂಟು ಬಿಚ್ಚಿದಳು.

“ತಗಾ. ನಡಿ ಓಗಾನ.”

“ಬೇಜಾರಾಯ್ತಾ?”

“ಇಲ್ಲೇ ಇರಂಗಿದ್ರೆ ಆಸ್ನದಲ್ಲೇ ಬ್ಯಾರೆ ಮನೆ ನೋಡ್ಕಬೋದಿತ್ತಲ್ಲ? ಮೆಲ್ಲಗೆ ಓಡ್ಸು, ಅಷ್ಟೇಯ.”

ಅರಕಲಗೂಡಿನ ದಾರಿ ಹಿಡಿದೆವು. ನಾನು ಮೆಲ್ಲಗೇ ಓಡಿಸಿದೆ. ಓಡಿಸಿದೆನೆಂದು ನಾನು ತಿಳಿದಿದ್ದೆ. ಊರು ಮುಟ್ಟಿದಾಗ ಅಕ್ಕ ಹಣೆಗೆ ಕೈ ಒತ್ತಿ ಮಲಗಿಬಿಟ್ಟಿದ್ದಳು. ನನಗೆ ಒಳಗೊಳಗೇ ಬೇಸರವಾಯಿತು. ಇನ್ನೆಷ್ಟು ಮೆಲ್ಲಗೆ ಓಡಿಸುವುದು?

ಅಲ್ಲಿ ನನ್ನ ಹತ್ತಿರ ಡ್ರೈವಿಂಗ್ ಕಲಿತಿದ್ದ ಒಬ್ಬಳಿದ್ದಳು. ಹಾಸನದಲ್ಲಿ ಕಲಿತು, ಮದುವೆಯಾಗಿ ಅರಕಲಗೂಡಿನ ಹತ್ತಿರದ ಹಳ್ಳಿಗೆ ಬಂದು, ಈಗ ಗಂಡನ ಶುಂಠಿ, ಆಲೂಗಡ್ಡೆಗಳನ್ನು ತಾನೇ ಪಿಕಪ್ಪಿನಲ್ಲಿ ಮಾರುಕಟ್ಟೆಗೆ ಒಯ್ಯುತ್ತಿದ್ದಳು. ನಮ್ಮ ಗಾಡಿಯನ್ನು ತಮ್ಮ ಪಂಪ್‌ಹೌಸಿನ ಪಕ್ಕ ನಿಲ್ಲಿಸಿಕೊಂಡಳು. ಎರಡು ದಿನ ಬಿಟ್ಟು ರಾಮನಾಥಪುರಕ್ಕೆ ಹೋಗಿಬರೋಣವೆಂದಾಯಿತು. ಹೊರಡುವ ಹೊತ್ತಿಗೆ ಅವಳು ಕೀಲಿಗೆ ಕೈ ಚಾಚಿದಳು.

“ಮೇಡಂ, ಇವತ್ತು ನಾನ್ ಓಡುಸ್ಲಾ? ಇಷ್ಟ್ ಉದ್ದದ ಗಾಡಿ ಮುಟ್ಟೇ ಇಲ್ಲ ನಾನು.”

ಕಲಿಸಿದವಳಿಗೆ ಅದಕ್ಕಿಂತ ಖುಷಿಯ ಮಾತು ಯಾವುದಿದೆ? ಅವಳ ಅತ್ತೆ ಮುಂದಿನ ಸೀಟು ಹತ್ತಿದರು. ನಾನು ಅಂದು ಮೊದಲ ಸಲ ಹಿಂದೆ, ಅಕ್ಕನ ಪಕ್ಕ ಮಂಚದ ಮೇಲೆ ಕೂತೆ.

ಅವಳು ಚೆನ್ನಾಗಿಯೇ ಓಡಿಸಿದಳು. ನಾನು ಕಲಿಸಿದ ಹಾಗೇ ಓಡಿಸಿದಳು. ಆದರೆ ಹಿಂದಿನ ಚಕ್ರದ ಮೇಲೆ ಕೂತವರ ಲೋಕವೇ ಬೇರೆ. ರಸ್ತೆಯ ಮೊದಲನೆಯ ಉಬ್ಬಿಗೆ ನಾನು ಮೇಲೆ ಹಾರಿ ಕೂತೆ. ತಿರುವಿನಲ್ಲಿ ಪಾತ್ರೆಗಳೆಲ್ಲ ಒಂದು ಕಡೆಗೆ ಜರುಗಿ ಸದ್ದು ಮಾಡಿದವು. ಮುಂದಿನ ರಸ್ತೆ ಕಾಣುವುದಿಲ್ಲವಾದ್ದರಿಂದ ಯಾವಾಗ ಬ್ರೇಕು ಬೀಳುತ್ತದೆಂದು ಗೊತ್ತಾಗದು. ಪಕ್ಕದ ಕಿಟಕಿಯಲ್ಲಿ ಮರಗಳು ಓಡುವುದನ್ನು ನೋಡುತ್ತಿದ್ದರೆ ಹೊಟ್ಟೆ ತೊಳಸುತ್ತದೆ. ಅಕ್ಕ ಒಂದು ಕೈಯಲ್ಲಿ ಕಿಟಕಿಯ ಸರಳು, ಇನ್ನೊಂದರಲ್ಲಿ ನೀರಿನ ಬಿಂದಿಗೆ ಹಿಡಿದು, ಕಾಲನ್ನು ಎದುರಿನ ಕಟ್ಟೆಗೆ ಒತ್ತಿಕೊಂಡಿದ್ದಳು. ಪಳಗಿದವರ ಭಂಗಿ ಅದು.

“ದಿನಾ ಇಂಗೇನಾ?” ಎಂದು ಕೇಳಿದೆ.

“ಇವ್ಳು ವಾಸಿ” ಎಂದಳು ಅಕ್ಕ.

ಸ್ವಲ್ಪ ಹೊತ್ತಿಗೆ ನಾನೇ ಗಾಡಿ ನಿಲ್ಲಿಸಲು ಕೂಗಿಕೊಂಡೆ. ರಸ್ತೆಯ ಪಕ್ಕ ಕೂತು ನೀರು ಕುಡಿದೆ. ಶಿಷ್ಯೆ ಗಾಬರಿಯಾಗಿ, “ಏನಾರ ತಪ್ ಮಾಡ್ದ್ನಾ ಮೇಡಂ?” ಎಂದು ಕೇಳುತ್ತಿದ್ದಳು. ಅಕ್ಕ ನನ್ನ ಬೆನ್ನು ನೀವುತ್ತ, “ಅವ್ಳಿಗೆ ಅಭ್ಯಾಸ ಇಲ್ಲ ಕಣವ್ವ, ಸರೋಯ್ತದೆ” ಎಂದಳು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಕೊನೆಗೆ ಇಬ್ಬರೂ ನಕ್ಕೆವು. ಗಾಡಿ ಹತ್ತಿದಾಗಿನಿಂದ ಹಾಗೆ ಒಟ್ಟಿಗೆ ನಕ್ಕದ್ದು ಅದೇ ಮೊದಲಿರಬೇಕು.

ಮಾರನೆಯ ದಿನ ಅರಕಲಗೂಡಿನ ವೆಲ್ಡಿಂಗ್ ಅಂಗಡಿಯಲ್ಲಿ ಮುಂದಿನ ಬಾಗಿಲಿಗೆ ಇನ್ನೊಂದು ಮೆಟ್ಟಿಲು ಹಾಕಿಸಿದೆ, ಹಿಡಿದುಕೊಳ್ಳಲು ಒಂದು ಕಂಬಿಯನ್ನೂ ಹಾಕಿಸಿದೆ. ಅಕ್ಕ ಮುಂದೆ ಬಂದು ಕೂತಳು. ಅಲ್ಲಿಂದ ನಮ್ಮ ಓಡಾಟ ಬೇರೆಯಾಯಿತು. ರಸ್ತೆ ಅವಳಿಗೂ ಕಾಣುವುದರಿಂದ, ಎಲ್ಲಿ ಬೇಕೆನಿಸಿತೋ ಅಲ್ಲಿ ಕೈ ತೋರಿಸುತ್ತಾಳೆ, ನಿಲ್ಲಿಸುತ್ತೇನೆ. ಮಂಡಿ ಬಿಗಿಯಾಯಿತೆಂದರೆ ಆ ದಿನಕ್ಕೆ ಅಷ್ಟೇ. ಮುಂದೆ ಯಾವ ಊರಿದ್ದರೂ ನಾಳೆಗೆ. ಹೊಸ ಊರು ಸೇರಿದ ದಿನ ಏನನ್ನೂ ನೋಡಲು ಹೋಗುವುದಿಲ್ಲ, ಅನ್ನ ಸಾರು ಮಾಡಿಕೊಂಡು ಸುಮ್ಮನಿರುತ್ತೇವೆ. ಬಟ್ಟೆ ಒಗೆದ ದಿನ ಹೊರಡುವುದಿಲ್ಲ. ಇನ್ನು, ಊರು ಬಿಡುವ ಹೊತ್ತು ಯಾವುದೆಂಬುದಕ್ಕೆ ಲೆಕ್ಕವಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಸಾಕೆನಿಸಿದರೆ ಸಾಕು, ಇನ್ನೊಬ್ಬರು ಯಾಕೆಂದು ಕೇಳುವುದಿಲ್ಲ. ಇದನ್ನೆಲ್ಲ ಕೂತು ಮಾತಾಡಿ ಗೊತ್ತುಮಾಡಿಕೊಂಡದ್ದಲ್ಲ, ಇರುತ್ತ ಇರುತ್ತ ಹಾಗಾಯಿತು.

ಬೂವನಹಳ್ಳಿಯ ಕಡೆ ಪರಿಚಯದವರ ಜಾಗವೊಂದಿದೆ. ಹಾಸನದಲ್ಲಿ ಅಕ್ಕನನ್ನು ಡಾಕ್ಟರಿಗೆ ತೋರಿಸಬೇಕಾದಾಗ ಅಲ್ಲಿ ನಿಲ್ಲುತ್ತೇವೆ. ಕಳೆದ ಸಲ ಅಲ್ಲಿದ್ದಾಗ ಅಕ್ಕ ಇದ್ದಕ್ಕಿದ್ದಂತೆ, ತಾನು ಸಮುದ್ರವನ್ನೇ ನೋಡಿಲ್ಲ ಎಂದಳು. ನಾನು ಬೆರಗಾದೆ. ಹಾಸ್ಟೆಲಿನ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಅವಳು ಬುತ್ತಿ ಕಟ್ಟಿಕೊಟ್ಟು ಹಿಂದೆ ಉಳಿಯುತ್ತಿದ್ದಳಂತೆ.

ಹೊರಟೆವು. ಸಕಲೇಶಪುರದಲ್ಲಿ ತಂಗಿದೆವು. ಘಾಟಿಯನ್ನು ಬೆಳಗಿನ ಹೊತ್ತು ಇಳಿದು, ಕೆಳಗಿನ ಊರಿನಲ್ಲಿ ಮಳೆ ಹಿಡಿದು ಕೂತಾಗ ನಾವೂ ಕೂತೆವು. ನಮ್ಮ ಹಿಂದೆ ಬಂದವರೆಲ್ಲ ಸಮುದ್ರ ನೋಡಿಕೊಂಡು ವಾಪಸೂ ಹೋಗಿರಬೇಕು. ಮಂಗಳೂರು ದಾಟಿದ ಮೇಲೆ ಒಂದು ಪೆಟ್ರೋಲ್ ಬಂಕಿನ ಬಳಿ, ಅಕ್ಕ ಮಂಡಿ ಒತ್ತಿಕೊಳ್ಳುತ್ತಿರುವುದು ಕಂಡು ಗಾಡಿ ಪಕ್ಕಕ್ಕೆ ಹಾಕಿದೆ.

“ಯಾಕ್ ನಿಲ್ಸ್‌ದೆ?”

“ಮಂಡಿ ಬಿಗಿ ಆಗೈತಲ್ಲ. ಇವತ್ತಿಗೆ ಸಾಕು. ನಾಳೆ ನೋಡಾನ.”

“ಲೇ, ಉಪ್ಪಿನ್ ಗಾಳಿ ಬತ್ತಾ ಐತೆ ಕಣೇ, ಮೂಗಿಗೆ ಗೊತ್ತಾಗಲ್ವಾ? ಓಡ್ಸೇ ಸುಮ್ಕೆ!”

ಓಡಿಸಿದೆ. ಗಾಳಿಮರಗಳ ತೋಪಿನ ಆಚೆ ರಸ್ತೆ ಮುಗಿದು ಮರಳು ಶುರುವಾಯಿತು. ಅಕ್ಕ ಕಂಬಿ ಹಿಡಿದು ಇಳಿದಳು. ಚಪ್ಪಲಿಯನ್ನು ಅಲ್ಲೇ ಬಿಟ್ಟು, ನನ್ನ ಹೆಗಲಿಗೆ ಕೈ ಹಾಕಿ ನೀರಿನವರೆಗೆ ನಡೆದಳು. ಅಲೆ ಬಂದು ಪಾದ ತೋಯಿಸಿ ಹಿಂದೆ ಸರಿದಾಗ, ಕಾಲಡಿಯ ಮರಳು ಜಾರಿ, ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ಜೋರಾಗಿ ಕೂಗಿಬಿಟ್ಟಳು. ಮೀನು ಬಲೆ ಬಿಡಿಸುತ್ತಿದ್ದವರು ತಿರುಗಿ ನೋಡಿದರು.

ಅಲ್ಲಿ ಎಂಟು ಹತ್ತು ದಿನ ಇದ್ದೆವು.