ಎರಡು ಅಲ್ಪವಿರಾಮಗಳ ನಡುವೆ

ಮೊನ್ನೆ ಆಶಾ ಕಾರ್ಯಕರ್ತೆ ಬಂದು, ಉಣ್ಣಿ ಕಚ್ಚದಂತೆ ಕೈಕಾಲಿಗೆ ಹಚ್ಚುವ ಎಣ್ಣೆಯ ಬಾಟಲಿ ಕೊಟ್ಟು ಹೋದಳು. ಮುಚ್ಚಳ ತೆರೆದದ್ದೇ ತಡ, ಆ ವಾಸನೆಗೆ ಸಿದ್ದಾಪುರದ ಕಂಪ್ಯೂಟರ್ ಕ್ಲಾಸಿನ ಸರ್ ನೆನಪಾದರು. ಕಾಡಂಚಿನ ಮನೆಯಿಂದ ಬರುತ್ತಿದ್ದ ಅವರ ಮೈಯಿಂದ ಬೇಸಿಗೆಯಿಡೀ ಇದೇ ವಾಸನೆ. ನಾವು ಹುಡುಗಿಯರು ಮೂಗು ಮುಚ್ಚಿಕೊಂಡು ನಗುತ್ತಿದ್ದೆವು. ಎಂಥಾ ಸೊಕ್ಕು ನಮಗೆ!

ಸರ್ ಜಾವಾ ಎಂಬ ಪ್ರೋಗ್ರಾಂ ಭಾಷೆ ಕಲಿಸುತ್ತಿದ್ದರು. ಫೈಲಿನಿಂದ ಒಂದೊಂದೇ ಸಾಲು ಓದಿ, ಅಲ್ಪವಿರಾಮ ಬಂದಲ್ಲೆಲ್ಲ ತುಂಡು ಮಾಡುವುದನ್ನು ವಾರಗಟ್ಟಲೆ ಹೇಳಿಕೊಟ್ಟರು. ಹಾಗೆ ತುಂಡು ಮಾಡಲು ಜಾವಾದಲ್ಲಿ ಎರಡು ಸಲಕರಣೆ: ಸ್ಟ್ರಿಂಗ್ ಟೋಕನೈಸರ್, ಸ್ಪ್ಲಿಟ್. “ಸ್ಟ್ರಿಂಗ್ ಟೋಕನೈಸರ್ ಖಾಲಿ ಜಾಗನ ನುಂಗಿಬಿಡ್ತು ತಂಗಿ, ಸ್ಪ್ಲಿಟ್ ಬಳಸು. ಖಾಲಿ ಬಿಟ್ಟದ್ದೂ ಒಂದು ಉತ್ತರನೇ” ಎನ್ನುತ್ತಿದ್ದರು. ನಾನು ಹೂಂ ಎಂದಿದ್ದೆ.

ಆ ವರ್ಷ ಕಾಡಿನ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ ಜೋರಾಗಿತ್ತು. ಲಸಿಕೆಯ ಎರಡನೆಯ ಡೋಸ್ ತಪ್ಪಿದವರನ್ನು ಕರೆದೊಯ್ಯಲು ಊರಿನವರೇ ಪಟ್ಟಿ ಮಾಡಿದೆವು. ಹೆಸರು, ಮೊದಲ ಡೋಸ್, ಎರಡನೆಯ ಡೋಸ್, ಫೋನ್ ನಂಬರ್. ಮನೆಮನೆ ತಿರುಗಿ ಬರೆದವಳೂ ನಾನೇ, ಪ್ರೋಗ್ರಾಂ ಮಾಡಿದವಳೂ ನಾನೇ. ‘ಇಲ್ಲ’ ಎಂದರೆ ಅಪಶಕುನವೆಂದು ಅಕ್ಕಿ ತೀರಿದರೂ ‘ತುಂಬಿದೆ’ ಎನ್ನುವ ಮನೆಯಲ್ಲಿ ಬೆಳೆದವಳು. ಬದುಕಿರುವವರ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆಯಲು ಕೈ ಬರಲಿಲ್ಲ. ಎರಡನೆಯದು ಹಾಕಿಸದವರ ಜಾಗ ಖಾಲಿ ಬಿಟ್ಟೆ. ಆಮೇಲೆ ಅವಸರದಲ್ಲಿ ಹಳೇ ಚಾಳಿಯಂತೆ ಟೋಕನೈಸರ್ ಬಳಸಿದೆ. ಅದು ಖಾಲಿಯನ್ನು ನುಂಗಿತು, ಆ ಜಾಗಕ್ಕೆ ಫೋನ್ ನಂಬರ್ ಬಂದು ಕೂತಿತು. ಅಲ್ಲೇನೋ ಇದೆ, ಅಂದಮೇಲೆ ಎರಡೂ ಡೋಸ್ ಆಗಿದೆ ಎಂದುಕೊಂಡಿತು ಪ್ರೋಗ್ರಾಂ. ಫೋನೇ ಇಲ್ಲದವರ ಹೆಸರಷ್ಟೇ ಡೋಸ್ ತಪ್ಪಿದವರ ಪಟ್ಟಿಯಲ್ಲಿ ಬಂತು. ಹೆಸರುಗಳು ಬಂದವಲ್ಲ, ಅಷ್ಟೇ ಸಾಕಾಯಿತು ನನಗೆ.

ಸರ್ ಹೆಂಡತಿಗೆ ಫೋನಿತ್ತು. ಮೊದಲ ಸೂಜಿಗೇ ತೋಳು ಬಾತು ಅವರಿಗೆ ಸಾಕುಸಾಕಾಗಿತ್ತು, ಎರಡನೆಯದು ಹಾಕಿಸಿರಲಿಲ್ಲ. “ಪಟ್ಟಿಲಿ ಯನ್ನ ಹೆಸರು ಇಲ್ಲೆ, ಬಚಾವಾದೆ!” ಎಂದು ಪಕ್ಕದ ಮನೆಯವರೆದುರು ನಕ್ಕರಂತೆ. ಹೆಸರಿಲ್ಲ ಅಂದಮೇಲೆ ಎರಡೂ ಆಗಿದೆಯೆಂದು ಸರ್ ನನ್ನ ಪಟ್ಟಿಯನ್ನು ನಂಬಿದರು. ಕೊಟ್ಟಿಗೆಗೆ ಹಾಸಲು ದರಕು, ಉದುರಿದ ಒಣ ಎಲೆ, ಗುಡಿಸಿ ತರಲು ಕಾಡಿಗೆ ಹೋದ ಆಕೆಗೆ ಕೆಲವೇ ದಿನಗಳಲ್ಲಿ ಜ್ವರ ಹಿಡಿಯಿತು… ಏಳಲೇ ಇಲ್ಲ. ಎರಡನೆಯದು ಹಾಕಿಸಿದ್ದರೆ ಉಳಿಯುತ್ತಿದ್ದರೋ ಏನೋ…

ಹದಿಮೂರನೆಯ ದಿನ ಕಳೆದ ಮೇಲೆ ಹೋದೆ. ಸರ್ ಆ ಫೈಲನ್ನು ತೆರೆದಿಟ್ಟುಕೊಂಡು ಕೂತಿದ್ದರು. ಅವರ ಹೆಂಡತಿಯ ಸಾಲಿನಲ್ಲಿ ಎರಡು ಅಲ್ಪವಿರಾಮಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬೈಯಲಿ ಎಂದು ಕಾದೆ. ಅವರು ಎದ್ದು ಕುರ್ಚಿಯನ್ನು ನನ್ನತ್ತ ಸರಿಸಿದರು.

“ಮಧ್ಯ ‘ಇಲ್ಲ’ ಅಂತ ಬರಿ ತಂಗಿ. ಇನ್ನು ಹೆದರಲೆ ಎಂತ ಇದ್ದು?”

ಬರೆದೆ. ಉಳಿದ ಖಾಲಿ ಜಾಗಗಳನ್ನೂ ಒಂದೊಂದಾಗಿ ತೋರಿಸಿ ಬರೆಸಿದರು. ಮರುದಿನ ತಾವೇ ನಿಂತು ಅವರೆಲ್ಲರನ್ನೂ ಸೂಜಿಗೆ ಕರೆದೊಯ್ದರು. ಕ್ಲಾಸಿಗೆ ಮಾತ್ರ ಮತ್ತೆ ಬರಲಿಲ್ಲ.

ಹೋದ ವರ್ಷ ಸರ್ ಕೂಡ ತೀರಿಹೋದರು. ‘ತಪ್ಪು ನನ್ನದು ಸರ್’ ಎಂಬ ಒಂದು ಮಾತನ್ನು ನಾನು ಅವರೆದುರು ಆಡಲೇ ಇಲ್ಲ… ಮೊನ್ನೆ ಆ ಎಣ್ಣೆಯನ್ನು ಕೈಕಾಲಿಗೆಲ್ಲ ಹಚ್ಚಿಕೊಂಡೆ. ಮೂಗು ಮುಚ್ಚಿಕೊಳ್ಳಲಿಲ್ಲ.